ಸ್ಪೋರ್ಟ್ಸ್ ಕಾರಿನ ಪೆಡಲ್ ಕೆಳಗೆ ನುಗ್ಗಿ ಕೆಲಸ ಮಾಡೋದು ಹೇಗೆ? ಸೀಟು ಬಿಚ್ಚಲೇಬೇಕಾ?

ರೋಡ್‌ಸ್ಟರ್_ಪ್ರೇಮಿ

ಎಲ್ಲರಿಗೂ ನಮಸ್ಕಾರ. ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರ್ ಇಂಜಿನ್. ಸ್ವಲ್ಪ ದಿನದಿಂದ ಕ್ಲಚ್ ಪೆಡಲ್ ಮೆತ್ತಗಾಗಿದೆ. ಬೆಳಗ್ಗೆ ಗಾಡಿ ತೆಗೆದಾಗ ರಿವರ್ಸ್ ಗೇರ್ ಕರಕರ ಅಂತ ಬೀಳುತ್ತೆ, ಪೆಡಲ್ ಒಂದೆರಡು ಸಲ ಪಂಪ್ ಮಾಡಿದರೆ ಸರಿಹೋಗುತ್ತೆ. ನಿನ್ನೆ ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಪೆಡಲ್‌ಗೆ ಸೇರಿದ ಪುಶ್ ರಾಡ್ (ತಳ್ಳೋ ಸರಳು) ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ಗೋಡೆ) ಒಳಗೆ ಹೋಗೋ ಕಡೆ ಒದ್ದೆ, ಅಲ್ಲಿಂದ ಪೆಡಲ್ ತೋಳಿನ ಮೇಲೆ ಒಂದು ಗೆರೆಯಾಗಿ ಇಳಿದು ಕಾರ್ಪೆಟ್‌ವರೆಗೂ ಬಂದಿದೆ. ಆ ಜಾಗದಲ್ಲಿ ಪೆಡಲ್‌ನ ಕಪ್ಪು ಪೇಂಟ್ ಉಬ್ಬಿ ಸಿಪ್ಪೆ ಏಳ್ತಾ ಇದೆ.

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಆಯಿಲ್ ತಳ್ಳೋ ಭಾಗ) ಹೋಗಿದೆ ಅಂತ ನನ್ನ ಲೆಕ್ಕ. ಹೊಸದು ತರಿಸಿ ಇಟ್ಟುಕೊಂಡಿದ್ದೀನಿ. ತೊಂದರೆ ಜಾಗದ್ದು. ಇದನ್ನು ಹಿಡಿದಿರೋ ಎರಡು ನಟ್‌ನಲ್ಲಿ ಒಂದು ಇಂಜಿನ್ ಕಡೆಯಿಂದ ಸಿಗುತ್ತೆ, ಇನ್ನೊಂದು ಡ್ಯಾಶ್‌ಬೋರ್ಡ್ ಕೆಳಗೆ, ಪೆಡಲ್‌ಗಳ ಮೇಲೆ, ಕತ್ತಲಲ್ಲಿ. ಬಾಗಿಲ ಹೊಸಿಲಿಗೂ ಗೇರ್‌ಬಾಕ್ಸ್ ಟನಲ್‌ಗೂ ಮಧ್ಯೆ ನನ್ನ ಹೆಗಲು ಹಿಡಿಸಲ್ಲ. ಸ್ಟೀರಿಂಗ್ ಎದೆಗೆ ಒತ್ತುತ್ತೆ. ಈ ಕೆಲಸ ಮಾಡಿದವರು ಯಾವ ಭಂಗಿಯಲ್ಲಿ ಮಾಡಿದಿರಿ? ಸೀಟು ಬಿಚ್ಚಲೇಬೇಕಾ, ಹಿಂದಕ್ಕೆ ತಳ್ಳಿದರೆ ಸಾಕಾ?

ಹಳೇ_ಇಂಜಿನ್

ಬಿಚ್ಚಿ. ಯೋಚನೆನೇ ಬೇಡ.

ಈ ಕಾರುಗಳಲ್ಲಿ ಜಾಗ ಇಲ್ಲದಿರೋದಕ್ಕೆ ಕಾರಣ ಇದೆ. ಇಂಜಿನ್ ಮುಂದೆ, ಡ್ರೈವ್ ಹಿಂದೆ. ಉದ್ದದ ಗೇರ್‌ಬಾಕ್ಸ್ ಇಬ್ಬರ ಮಧ್ಯೆ ಬಂದು ಕೂರುತ್ತೆ, ಅದಕ್ಕೆ ಟನಲ್ ಅಷ್ಟು ದಪ್ಪ. ತೂಕ ಮಧ್ಯಕ್ಕೆ ಬರಲಿ ಅಂತ ಇಂಜಿನ್ನೂ ಹಿಂದಕ್ಕೆ ಸರಿಸಿರ್ತಾರೆ, ಹಾಗಾಗಿ ಫೈರ್‌ವಾಲ್ ನಮ್ಮ ಕಡೆಗೇ ಬರುತ್ತೆ. ತಗ್ಗಿನ ಸೀಟಿಗೆ ತಕ್ಕಂತೆ ಸ್ಟೀರಿಂಗ್ ಕಾಲಮ್ಮೂ ತಗ್ಗಿನಲ್ಲಿರುತ್ತೆ. ಓಡಿಸುವಾಗ ನಮಗೆ ಖುಷಿ ಕೊಡೋ ಪ್ರತಿಯೊಂದು ಅಂಶವೂ ರಿಪೇರಿ ಮಾಡುವವನ ಜಾಗ ಕಿತ್ತುಕೊಂಡಿರುತ್ತೆ. ಆ ಜಾಗವನ್ನು ವಾಪಸ್ ಪಡೆಯೋ ಒಂದೇ ದಾರಿ ಸೀಟು ಹೊರಗೆ ಇಡೋದು.

ನಿಮ್ಮ ಕಾರಿನಲ್ಲಿ 14 ಎಂಎಂ ತಲೆಯ ನಾಲ್ಕು ಬೋಲ್ಟ್. ಸೀಟು ಪೂರ್ತಿ ಮುಂದೆ ತಳ್ಳಿ ಹಿಂದಿನ ಎರಡು, ಪೂರ್ತಿ ಹಿಂದೆ ತಳ್ಳಿ ಮುಂದಿನ ಎರಡು. ಹೆಡ್‌ರೆಸ್ಟ್‌ನಲ್ಲಿ ಸ್ಪೀಕರ್ ಇರೋ ಮಾಡೆಲ್ ಆದರೆ ಸೀಟಿನ ಕೆಳಗೆ ಅದರ ವೈರ್ ಇರುತ್ತೆ, ಎತ್ತುವ ಮುಂಚೆ ಬಿಡಿಸಿ. ಹೊರಗೆ ತೆಗೆಯುವಾಗ ರೈಲಿನ ಚೂಪು ತುದಿ ಹೊಸಿಲಿನ ಪೇಂಟ್ ಗೀರುತ್ತೆ, ಹಳೇ ಕಂಬಳಿ ಹಾಸಿ.

ಸಣ್ಣ_ಸ್ಪ್ಯಾನರ್

ನನ್ನ ಅಭಿಪ್ರಾಯ ಬೇರೆ. ಹಳೇ ಕಾರಿನ ಸೀಟ್ ಬೋಲ್ಟ್ ಎಷ್ಟೋ ವರ್ಷ ತೇವದಲ್ಲಿ ಕೂತು ತುಕ್ಕು ಹಿಡಿದಿರುತ್ತೆ. ಬಲ ಹಾಕಿದರೆ ಮುರಿಯುತ್ತೆ, ಇಲ್ಲಾ ಕೆಳಗಿನ ವೆಲ್ಡ್ ಮಾಡಿದ ನಟ್ಟೇ ತಿರುಗಿಬಿಡುತ್ತೆ. ಅರ್ಧ ದಿನದ ಕೆಲಸ ಒಂದು ವಾರದ್ದಾಗುತ್ತೆ. ನಾನು ಬ್ರೇಕ್ ಲೈಟ್ ಸ್ವಿಚ್, ಆಕ್ಸಿಲರೇಟರ್ ಕೇಬಲ್, ಫ್ಯೂಸ್ ಬಾಕ್ಸ್ ಎಲ್ಲವನ್ನೂ ಸೀಟು ಇಟ್ಟುಕೊಂಡೇ ಮಾಡಿದ್ದೀನಿ. ಟಾಪ್ ತೆಗೆದು, ಸೀಟು ಹಿಂದಕ್ಕೆ ತಳ್ಳಿ, ಬೆನ್ನಾಸರೆ ಮೇಲೆ ಕಾಲು ಹಾಕಿ, ತಲೆ ಕೆಳಗೆ ಬಿಟ್ಟು ಮಲಗಿದರೆ ಕೈ ತಲುಪುತ್ತೆ.

ಹಳೇ_ಇಂಜಿನ್

ಸ್ವಿಚ್, ಕೇಬಲ್‌ಗೆ ನಿಮ್ಮ ಮಾತು ಒಪ್ತೀನಿ. ಅವು ಒಂದು ಕೈಯ ಕೆಲಸ, ಬೇಗ ಮುಗಿಯುತ್ತೆ. ಮಾಸ್ಟರ್ ಸಿಲಿಂಡರ್‌ನಲ್ಲಿ ಎರಡು ಕೈ ಬೇಕು, ಪುಶ್ ರಾಡನ್ನು ಪೆಡಲ್‌ಗೆ ಕೂಡಿಸೋ ಕ್ಲೆವಿಸ್ ಪಿನ್ ಬಿಡಿಸಬೇಕು, ನಟ್ ಬಿಚ್ಚಬೇಕು, ಆಮೇಲೆ ಮತ್ತೆ ಬಂದು ಪುಶ್ ರಾಡ್ ಅಡ್ಜಸ್ಟ್ ಮಾಡಬೇಕು. ತಲೆ ಕೆಳಗಾಗಿ ನೇತಾಡಿಕೊಂಡು ಇಷ್ಟೆಲ್ಲ ಮಾಡೋಕೆ ಹೋದರೆ ಮುಖಕ್ಕೆ ರಕ್ತ ಇಳಿದು ಕಣ್ಣು ಮಂಜಾಗುತ್ತೆ, ಅವಸರ ಶುರುವಾಗುತ್ತೆ. ಅವಸರದಲ್ಲೇ ನಟ್ ಅಡ್ಡ ಕೂತು ಮರೆ (ಥ್ರೆಡ್) ಹಾಳಾಗೋದು.

ತುಕ್ಕಿಗೆ ಉಪಾಯ: ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆಯಿರಿ. ಸಾಧ್ಯವಾದರೆ ಕಾರಿನ ಕೆಳಗಿನಿಂದಲೂ ಮರೆಗೆ ಹೊಡೆಯಿರಿ. ಆಮೇಲೆ ಉದ್ದ ಹಿಡಿಯ ರ‍್ಯಾಚೆಟ್‌ನಲ್ಲಿ ಕಾಲು ಸುತ್ತು ಬಿಚ್ಚೋದು, ಸ್ವಲ್ಪ ವಾಪಸ್ ಬಿಗಿಯೋದು, ಮತ್ತೆ ಬಿಚ್ಚೋದು. ಒಂದೇ ಏಟಿಗೆ ಎಳೆಯಬೇಡಿ.

ವೈರಿಂಗ್_ಮಿತ್ರ

ಸೀಟು ಬಿಚ್ಚುವ ಎಲ್ಲರಿಗೂ ಒಂದು ಎಚ್ಚರಿಕೆ, ಯಾಕಂದ್ರೆ ಬೇರೆ ಬೇರೆ ಕಾರಿನವರು ಇದನ್ನು ಓದುತ್ತಾರೆ. ಹೊಸ ಕಾರುಗಳಲ್ಲಿ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇರುತ್ತೆ. ಅದು ಸೈಡ್ ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಬಿಗಿಯುವ ಸಿಡಿಮದ್ದಿನದ್ದು. ಅದನ್ನು ಮುಟ್ಟುವ ಮುಂಚೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಡಿಸಿ, ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ, ಅದು ಇಳಿಯೋಕೆ ಸಮಯ ಬೇಕು. ಕನೆಕ್ಟರ್ ಬಿಡಿಸಿದ ಮೇಲೆ ಕೀ ಆನ್ ಮಾಡಬೇಡಿ, ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಫಾಲ್ಟ್ ಕೋಡ್ ಕೂತುಬಿಡುತ್ತೆ.

ರೋಡ್‌ಸ್ಟರ್ ಸರ್, ನಿಮ್ಮ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಏರ್‌ಬ್ಯಾಗ್ ಇರಲಿ ಬಿಡಲಿ, ಬಿಡಿಸಿಯೇ ಶುರು ಮಾಡಿ. ಡ್ಯಾಶ್ ಕೆಳಗೆ ಫ್ಯೂಸ್ ಬಾಕ್ಸ್ ಪಕ್ಕದಲ್ಲೇ ಸ್ಪ್ಯಾನರ್ ಆಡಿಸ್ತೀರಿ, ಒಂದು ತುದಿ ಲೈವ್ ಟರ್ಮಿನಲ್‌ಗೂ ಇನ್ನೊಂದು ತುದಿ ಬಾಡಿಗೂ ತಾಗಿದರೆ ಕಿಡಿ ಮುಖದ ಪಕ್ಕದಲ್ಲೇ ಹಾರುತ್ತೆ.

ಮಿಡ್_ಇಂಜಿನ್

ಎಂಎಕ್ಸ್-5 ಇಕ್ಕಟ್ಟು ಅನ್ನುವವರು ಒಮ್ಮೆ ಲೋಟಸ್ ಎಲೀಸ್ ಒಳಗೆ ಇಳಿದು ನೋಡಬೇಕು. ಇಂಜಿನ್ ಹಿಂದೆ ಇದ್ದರೂ ಮುಂದೆ ಜಾಗ ಸಿಗಲ್ಲ, ಯಾಕಂದ್ರೆ ನಮ್ಮ ಪಾದ ಮುಂದಿನ ಎರಡು ಚಕ್ರಗಳ ನಡುವೆ ಬರುತ್ತೆ, ಚಕ್ರದ ಗೂಡು ಪೆಡಲ್ ಜಾಗವನ್ನು ತಿಂದುಹಾಕುತ್ತೆ. 1996ರಲ್ಲಿ ಬಂದ ಮೊದಲ ಸರಣಿಯ ಎಲೀಸ್‌ನ ಷಾಸಿ (ಕಾರಿನ ಮೂಲ ಚೌಕಟ್ಟು) ತೂಕ ಸುಮಾರು 68 ಕೆಜಿ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್‌ಗಳನ್ನು (ಅಚ್ಚಿನ ಮೂಲಕ ಒತ್ತಿ ತೆಗೆದ ಉದ್ದ ತುಂಡುಗಳನ್ನು) ಅಂಟು ಹಾಕಿ ಕೂಡಿಸಿದ್ದು. ಅದಕ್ಕೆ ಗಟ್ಟಿತನ ಬರೋದೇ ಅಗಲವಾದ, ಎತ್ತರವಾದ ಹೊಸಿಲುಗಳಿಂದ. ಬಾಗಿಲ ಕಡೆಯಿಂದ ಮಲಗಿದರೆ ಆ ಹೊಸಿಲು ಸರಿಯಾಗಿ ಸೊಂಟಕ್ಕೆ ಒತ್ತುತ್ತೆ.

ನನಗೆ ಕೆಲಸಕ್ಕೆ ಬಂದಿದ್ದು ಇದು: ಸೀಟು ತೆಗೆದ ಮೇಲೆ ನೆಲದ ಮೇಲೆ ಗಟ್ಟಿ ಫೋಮ್ ಹಾಸಿ, ಹೊಸಿಲಿನ ಎತ್ತರಕ್ಕೆ ಸಮವಾಗೋವರೆಗೆ ಏರಿಸಿದೆ. ಅದರ ಮೇಲೆ ಪ್ಲೈವುಡ್ ಹಲಗೆ. ಹಲಗೆಯ ಒಂದು ತುದಿ ಕಾರಿನ ಒಳಗೆ, ಇನ್ನೊಂದು ತುದಿ ಹೊರಗೆ ಸ್ಟೂಲ್ ಮೇಲೆ. ಈಗ ಸೊಂಟ, ಬೆನ್ನು, ಹೆಗಲು ಒಂದೇ ಮಟ್ಟದಲ್ಲಿ. ಕತ್ತಿನ ಕೆಳಗೆ ಸುತ್ತಿದ ಟವೆಲ್. ಕತ್ತಿನ ಭಾರ ಟವೆಲ್ ಹೊತ್ತರೆ ಕೈ ನಡುಗಲ್ಲ, ಇದು ನೂರಕ್ಕೆ ನೂರು ಸತ್ಯ. ಬಹಳ ಜನ ಕತ್ತನ್ನು ಗಾಳಿಯಲ್ಲಿ ಎತ್ತಿಕೊಂಡೇ ಕೆಲಸ ಮಾಡ್ತಾರೆ, ಮಾರನೇ ದಿನ ತಲೆ ತಿರುಗಿಸೋಕೆ ಆಗಲ್ಲ.

ಇನ್ನೊಂದು, ಅಲ್ಯೂಮಿನಿಯಂಗೆ ಹೋಗೋ ಪ್ರತಿ ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಸಲೀಸಾಗಿ ಹೋಗದ್ದನ್ನು ಸ್ಪ್ಯಾನರ್‌ನಲ್ಲಿ ಕೂರಿಸಬೇಡಿ.

ರೋಡ್‌ಸ್ಟರ್_ಪ್ರೇಮಿ

ಹಲಗೆಯ ಉಪಾಯ ಬಹಳ ಚೆನ್ನಾಗಿದೆ, ಥ್ಯಾಂಕ್ಸ್ ಸರ್. ಸೀಟು ಬಿಚ್ಚೋದು ಅಂತ ತೀರ್ಮಾನ ಮಾಡಿದೆ, ಬೋಲ್ಟ್‌ಗೆ ಎಣ್ಣೆ ಹೊಡೆದಿದ್ದೀನಿ. ಒಳಗಿನ ನಟ್‌ಗೆ ಯಾವ ಸಾಧನ ಹಿಡಿಸುತ್ತೆ? ಮತ್ತೆ ಕ್ಲೆವಿಸ್ ಪಿನ್ ಕಣ್ಣಿಗೆ ಕಾಣಲ್ಲ, ಅದು ಜಾರದಂತೆ ತಡೆಯೋ ಸ್ಪ್ಲಿಟ್ ಪಿನ್ (ಎರಡು ಕಾಲಿನ ತಂತಿ ಪಿನ್) ತೆಗೆಯೋದು ಹೇಗೆ?

ಕೀಲೆಣ್ಣೆ

ಒಳಗಿನ ನಟ್‌ಗೆ ಕಾಲು ಇಂಚಿನ ರ‍್ಯಾಚೆಟ್, ಉದ್ದ ಎಕ್ಸ್‌ಟೆನ್ಶನ್, ತುದಿಯಲ್ಲಿ 12 ಎಂಎಂ ಡೀಪ್ ಸಾಕೆಟ್. ಎಕ್ಸ್‌ಟೆನ್ಶನ್ ಸ್ವಲ್ಪ ಓಲಾಡೋ ತರಹದ್ದಾದರೆ ಇನ್ನೂ ಒಳ್ಳೇದು, ನೇರ ದಾರಿ ಅಲ್ಲಿಲ್ಲ. ಅರ್ಧ ಇಂಚಿನ ರ‍್ಯಾಚೆಟ್‌ನ ತಲೆಯೇ ಅಲ್ಲಿಗೆ ದೊಡ್ಡದಾಗುತ್ತೆ. ನಟ್ ಸಡಿಲಾದ ಕೂಡಲೇ ಸಾಕೆಟ್ ತೆಗೆದು ಬೆರಳಲ್ಲಿ ಬಿಚ್ಚಿ. ವಾಪಸ್ ಹಾಕುವಾಗ ಸಾಕೆಟ್ ಒಳಗೆ ಚೂರು ಗಟ್ಟಿ ಗ್ರೀಸ್ ಹಚ್ಚಿ ನಟ್ ಕೂರಿಸಿದರೆ ಬೀಳಲ್ಲ.

ಇಂಜಿನ್ ಕಡೆಯ ಪೈಪ್‌ಗೆ 10 ಎಂಎಂ ಫ್ಲೇರ್ ನಟ್ ಸ್ಪ್ಯಾನರ್ (ನಟ್‌ನ ಬಹುಪಾಲು ಮುಖಗಳನ್ನು ಸುತ್ತಿ ಹಿಡಿಯೋದು) ಕಡ್ಡಾಯ. ಸಾದಾ ಬಾಯಿ ಸ್ಪ್ಯಾನರ್ ಎರಡು ಮುಖವನ್ನಷ್ಟೇ ಹಿಡಿಯುತ್ತೆ, ಮೆತ್ತನೆಯ ನಟ್ ದುಂಡಗಾಗಿಹೋಗುತ್ತೆ.

ಸ್ಪ್ಲಿಟ್ ಪಿನ್ ವಿಷಯಕ್ಕೆ ಬರೋಣ. ಮೊದಲು ಮೊಬೈಲ್ ಒಳಗೆ ಚಾಚಿ ನಾಲ್ಕು ಕಡೆಯಿಂದ ಫೋಟೋ, ವಿಡಿಯೋ ತೆಗೆಯಿರಿ. ಹೊರಗೆ ಕೂತು ನಿಧಾನವಾಗಿ ನೋಡಿ. ಪಿನ್ ಯಾವ ಕಡೆಯಿಂದ ಹೊಕ್ಕಿದೆ, ಕಾಲುಗಳು ಯಾವ ಕಡೆ ಬಾಗಿವೆ, ವಾಷರ್ ಇದೆಯಾ, ಎಲ್ಲ ತಲೆಯಲ್ಲಿ ಕೂರಬೇಕು. ಒಳಗೆ ಹೋದ ಮೇಲೆ ಕಣ್ಣಿಗೆ ಕೆಲಸ ಇಲ್ಲ, ಎಲ್ಲ ಬೆರಳಿನದ್ದೇ. ಉದ್ದ ಮೂಗಿನ ಇಕ್ಕಳದಲ್ಲಿ ಕಾಲುಗಳನ್ನು ನೇರ ಮಾಡಿ, ಆಮೇಲೆ ತಲೆಯ ಕಡೆಯಿಂದ ಎಳೆಯಿರಿ. ತೆಗೆದ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಒಮ್ಮೆ ಬಾಗಿ ನೇರವಾದ ಕಾಲು ಮುಂದೊಂದು ದಿನ ಮುರಿಯುತ್ತೆ.

ಪೆಡಲ್ ಜಾಗದ ನೆಲಕ್ಕೆ ಒಂದು ಬಿಳಿ ಬಟ್ಟೆ ಹಾಸಿಬಿಡಿ. ಬಿದ್ದದ್ದು ಬಟ್ಟೆ ಮೇಲೆ ಕಾಣುತ್ತೆ, ಕಾರ್ಪೆಟ್ ಕೆಳಗೆ ನುಸುಳಲ್ಲ. ಕಾಣದ ಸಂದಿಗೆ ಬಿದ್ದರೆ ಎಳೆದು ಉದ್ದ ಮಾಡೋ ಅಯಸ್ಕಾಂತದ ಕಡ್ಡಿ ಇದೆಯಲ್ಲ, ಅದೇ ನಮ್ಮ ಪಾತಾಳಗರಡಿ.

ಬಿಚ್ಚಿದ ಪ್ರತಿ ಬಿಡಿಭಾಗವನ್ನೂ ಲೆಕ್ಕ ಇಡಿ. ಪೆಡಲ್ ಕೆಳಗೆ ಉಳಿದುಹೋದ ಒಂದು ನಟ್ಟೋ ಸಾಕೆಟ್ಟೋ ಉರುಳಿಕೊಂಡು ಬ್ರೇಕ್ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಕಡಿಮೆ ಬಂದರೂ ಅದು ಸಿಗೋವರೆಗೆ ಕಾರು ಅಲುಗಾಡಬಾರದು.

ಬಾಕ್ಸರ್_ಆರು

ಪೋರ್ಷೆ ಬಾಕ್ಸ್‌ಟರ್ 986 ಇಟ್ಟುಕೊಂಡವರಿಗೂ ಇದೇ ಗೋಳು, ಬೇರೆ ಕೆಲಸಕ್ಕೆ. ಇಗ್ನಿಷನ್ ಸ್ವಿಚ್‌ನ ಎಲೆಕ್ಟ್ರಿಕ್ ಭಾಗ ಸವೆದು, ಕೀ ಸ್ಟಾರ್ಟ್ ಜಾಗದಿಂದ ಸರಿಯಾಗಿ ಹಿಂದಕ್ಕೆ ಬರಲ್ಲ, ವೈಪರ್ರೋ ಎಸಿಯೋ ಕೆಲಸ ನಿಲ್ಲಿಸುತ್ತೆ. ಆ ಭಾಗ ಅಗ್ಗದ್ದು, ಹಿಡಿದಿರೋದು ಎರಡೇ ಪುಟಾಣಿ ಸ್ಕ್ರೂ. ಆದರೆ ಸ್ಕ್ರೂ ಮೇಲೆ ಪೇಂಟ್ ಹಚ್ಚಿ ಸೀಲ್ ಮಾಡಿರ್ತಾರೆ, ಒಂದು ಸ್ಕ್ರೂ ತಲೆ ನೇರವಾಗಿ ಕಾಣೋದೇ ಇಲ್ಲ. ಡ್ಯಾಶ್ ಕೆಳಗಿನ ಗಾಳಿಯ ಡಕ್ಟ್ ತೆಗೆದರೆ ಕೈಗೆ ದಾರಿ ಆಗುತ್ತೆ. ಸ್ಕ್ರೂಡ್ರೈವರ್ ತಿರುಗಿಸುವ ಮುಂಚೆ ಚೂಪು ಮೊನೆಯಿಂದ ಸೀಳಿನೊಳಗಿನ ಪೇಂಟ್ ಕೆರೆದು ತೆಗೆಯಬೇಕು. ಪೂರ್ತಿ ಬಿಚ್ಚಬೇಕಿಲ್ಲ, ಸಡಿಲಾದರೆ ಸ್ವಿಚ್ ಹೊರಗೆ ಬರುತ್ತೆ. ಇದೇ ಗುಟ್ಟು. ಸ್ಕ್ರೂ ಕೆಳಗೆ ಬಿದ್ದರೆ ಹುಡುಕೋದು ಕಷ್ಟ.

ಹಳೇ_ಇಂಜಿನ್

ಹಳೇ ಬ್ರಿಟಿಷ್ ರೋಡ್‌ಸ್ಟರ್ ಮಾಡಿದವರು ಈ ವಿಷಯದಲ್ಲಿ ಸ್ವಲ್ಪ ದಯೆ ತೋರಿಸಿದ್ದಾರೆ. ಎಂಜಿಬಿಯಲ್ಲಿ ಪೆಡಲ್ ಬಾಕ್ಸ್‌ಗೆ ಇಂಜಿನ್ ಕಡೆಯಿಂದ ಒಂದು ಮುಚ್ಚಳ ಇದೆ, ಅದನ್ನು ತೆಗೆದರೆ ಕ್ಲೆವಿಸ್ ಪಿನ್ ಮೇಲಿನಿಂದ ಸಿಗುತ್ತೆ. ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಗೇರ್‌ಬಾಕ್ಸ್ ಟನಲ್‌ನ ಕವರ್ ಇಡಿಯಾಗಿ ಬಿಚ್ಚಿ ಬರುತ್ತೆ, ಗೇರ್‌ಬಾಕ್ಸನ್ನೇ ಕ್ಯಾಬಿನ್ ಮೂಲಕ ಹೊರಗೆ ತೆಗೆಯಬಹುದು. ಇಕ್ಕಟ್ಟು ಅಂತ ಗೊತ್ತಿದ್ದೇ ದಾರಿ ಮಾಡಿಟ್ಟಿದ್ದಾರೆ. ಕಾರು ವಿನ್ಯಾಸ ಮಾಡುವವರೆಲ್ಲ ಇದನ್ನು ಕಲಿಯಬೇಕು ಅಂತ ನನ್ನ ಬಲವಾದ ನಂಬಿಕೆ.

ಸಣ್ಣ_ಸ್ಪ್ಯಾನರ್

ರೋಡ್‌ಸ್ಟರ್ ಅವರೇ, ಮಾಸ್ಟರ್ ಬಿಚ್ಚುವ ಮುಂಚೆ ಸ್ಲೇವ್ ಸಿಲಿಂಡರ್ (ಮಾಸ್ಟರ್ ತಳ್ಳಿದ ಆಯಿಲ್‌ನ ಒತ್ತಡದಿಂದ ಕ್ಲಚ್ ಬಿಡಿಸೋ ಭಾಗ) ನೋಡಿದಿರಾ? ಗೇರ್‌ಬಾಕ್ಸ್ ಪಕ್ಕದ ರಬ್ಬರ್ ಬೂಟ್ ಮೆಲ್ಲಗೆ ಎತ್ತಿ ನೋಡಿ, ಒದ್ದೆ ಇದ್ದರೆ ಅದೂ ಹೋಗಿದೆ. ಸೀಲ್ ಸೋತು ಪೆಡಲ್ ಮೆತ್ತಗಾಗೋಕೆ ಮೂರು ದಾರಿ. ಮಾಸ್ಟರ್‌ನ ಹಿಂದಿನ ಸೀಲ್ ಸೋತರೆ ಆಯಿಲ್ ಕಾಲಿನ ಕಡೆ ಇಳಿಯುತ್ತೆ, ನಿಮಗೆ ಆಗಿರೋದು ಇದು. ಒಳಗಿನ ಸೀಲ್ ಸೋತರೆ ಎಲ್ಲೂ ಒದ್ದೆ ಇರಲ್ಲ, ರಿಸರ್ವಾಯರ್ (ಆಯಿಲ್ ಡಬ್ಬಿ) ಮಟ್ಟವೂ ಇಳಿಯಲ್ಲ, ಪೆಡಲ್ ಮಾತ್ರ ಒತ್ತಿ ಹಿಡಿದರೆ ನಿಧಾನವಾಗಿ ಕುಸಿಯುತ್ತೆ. ಸ್ಲೇವ್ ಸೋತರೆ ಕೆಳಗೆ ಒದ್ದೆ. ಒಂದು ಹೊಸದಾಗಿ ಗಟ್ಟಿಯಾದ ಮೇಲೆ ಹಳೇ ಇನ್ನೊಂದು ಬೇಗ ಕೈಕೊಡೋದು ನೋಡಿದ್ದೀನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಬ್ಲೀಡಿಂಗ್ (ಪೈಪ್ ಒಳಗಿನ ಗಾಳಿ ಹೊರಹಾಕೋದು) ಒಂದೇ ಸಲಕ್ಕೆ ಮುಗಿಯುತ್ತೆ.

ವೈರಿಂಗ್_ಮಿತ್ರ

ಸೋರಿದ ಆಯಿಲ್ ಒರೆಸೋಕೆ ಬ್ರೇಕ್ ಕ್ಲೀನರ್ ಸ್ಪ್ರೇ ಒಳಗೆ ಹೊಡೆಯಬೇಡಿ, ದಯವಿಟ್ಟು. ಅದರ ಆವಿ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ನಿಲ್ಲುತ್ತೆ, ನಿಮ್ಮ ಮೂಗೂ ಅಲ್ಲೇ ಇರುತ್ತೆ. ಹೊರಗೆ ಬಟ್ಟೆಗೆ ಹೊಡೆದುಕೊಂಡು ಒರೆಸಿ, ಎರಡೂ ಬಾಗಿಲು ತೆರೆದಿರಲಿ. ಕ್ಲಚ್‌ನಲ್ಲೂ ಇರೋ ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತೆ, ಆದ್ದರಿಂದ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಕನ್ನಡಕ ಹಾಕದೆ ಮಲಗಬೇಡಿ, ಮೇಲಿನಿಂದ ತುಕ್ಕಿನ ಪುಡಿ, ಆಯಿಲ್ ಹನಿ ಎರಡೂ ನೇರ ಕಣ್ಣಿಗೇ ಬೀಳುತ್ತೆ.

ರೋಡ್‌ಸ್ಟರ್_ಪ್ರೇಮಿ

ಕೆಲಸ ಬಹುಪಾಲು ಮುಗಿಯಿತು! ಸೀಟ್ ಬೋಲ್ಟ್ ನಾಲ್ಕೂ ಮುರಿಯದೆ ಬಂದವು. ಸೀಟು ಹೊರಗೆ ಹೋದ ಮೇಲೆ ಅದು ಬೇರೆಯೇ ಕಾರು. ಹಲಗೆ, ಫೋಮ್, ಕತ್ತಿಗೆ ಟವೆಲ್, ಹಣೆಗೆ ಟಾರ್ಚ್. ಸ್ಟೀರಿಂಗ್ ಕಾಲಮ್‌ನ ಮೇಲಿನ ಬ್ರಾಕೆಟ್ ಸಡಿಲಿಸಿ ಸ್ವಲ್ಪ ಇಳಿಸೋಣ ಅಂದುಕೊಂಡಿದ್ದೆ, ಬೇಕಾಗಲಿಲ್ಲ. ಒಳಗಿನ ನಟ್ ಬೆರಳಿಗೆ ಸಿಕ್ಕಿದ ಕ್ಷಣ ಎಷ್ಟು ಸಮಾಧಾನ ಆಯ್ತು ಅಂದ್ರೆ, ಹಾಗೇ ಮಲಗಿ ಒಂದು ನಿಮಿಷ ಸುಮ್ಮನಿದ್ದೆ.

ಸ್ಲೇವ್ ಬೂಟ್ ಎತ್ತಿದರೆ ಅದರಲ್ಲೂ ಒದ್ದೆ. ಸಣ್ಣ ಸ್ಪ್ಯಾನರ್ ಅವರೇ, ನಿಮ್ಮ ಮಾತು ನಿಜ, ಎರಡೂ ಬದಲಿಸಿದೆ. ಬ್ಲೀಡ್ ಮಾಡುವಾಗ ಪೆಡಲ್ ನೆಲಕ್ಕೆ ಅಂಟಿಕೊಂಡು ಮೇಲೆ ಬರ್ತಿರಲಿಲ್ಲ, ಕೈಯಲ್ಲಿ ಎತ್ತಿ ಎತ್ತಿ ಮಾಡಿದ ಮೇಲೆ ಗಟ್ಟಿಯಾಯಿತು.

ಈಗ ಒಂದೇ ಪ್ರಶ್ನೆ. ಕ್ಲಚ್ ತೀರಾ ಮೇಲೆಯೇ ಹಿಡಿಯುತ್ತೆ, ಪೆಡಲ್‌ನಲ್ಲಿ ಆರಂಭದ ಸಡಿಲ ಒಂಚೂರೂ ಇಲ್ಲ. ಹೀಗೇ ಓಡಿಸಬಹುದಾ?

ಕೀಲೆಣ್ಣೆ

ಓಡಿಸಬೇಡಿ. ಪುಶ್ ರಾಡ್ ಉದ್ದವಾಗಿದೆ, ಪಿಸ್ಟನ್ ಪೂರ್ತಿ ಹಿಂದಕ್ಕೆ ಬರ್ತಾ ಇಲ್ಲ. ಮಾಸ್ಟರ್ ಒಳಗೆ ರಿಸರ್ವಾಯರ್ ಕಡೆಗೆ ಒಂದು ಸಣ್ಣ ರಂಧ್ರ ಇದೆ, ಪೆಡಲ್ ಬಿಟ್ಟಾಗ ಅದು ತೆರೆಯಬೇಕು. ತೆರೆಯದಿದ್ದರೆ ಆಯಿಲ್ ಬಿಸಿಯಾಗಿ ಹಿಗ್ಗಿದಾಗ ವಾಪಸ್ ಹೋಗೋಕೆ ದಾರಿ ಇರಲ್ಲ. ಒತ್ತಡ ಉಳಿದು, ನೀವು ಪೆಡಲ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಒತ್ತಿದಂತೆ ಇರುತ್ತೆ. ಪ್ಲೇಟ್ ಜಾರಿ ಸುಡುತ್ತೆ. ಮೊದಲ ಕಿಲೋಮೀಟರ್‌ಗಳಲ್ಲಿ ಎಲ್ಲ ಸರಿ ಅನ್ನಿಸುತ್ತೆ, ಬಿಸಿಯಾದ ಮೇಲೆ ಶುರು.

ಲಾಕ್ ನಟ್ ಸಡಿಲಿಸಿ, ರಾಡನ್ನು ಬೆರಳಲ್ಲೇ ತಿರುಗಿಸಿ ಚಿಕ್ಕದು ಮಾಡಿ. ಪೆಡಲನ್ನು ಕೈಯಲ್ಲಿ ಒತ್ತಿದಾಗ ಮೊದಲು ಹಗುರವಾಗಿ ಚೂರು ಚಲಿಸಿ, ಆಮೇಲೆ ಪಿಸ್ಟನ್ ಮುಟ್ಟಿದ್ದು ಕೈಗೆ ಗೊತ್ತಾಗಬೇಕು. ಅಳತೆ ಮ್ಯಾನುಯಲ್‌ನಲ್ಲಿದೆ, ಅದರ ಮಿತಿಯೊಳಗೇ ಇಡಿ. ಲಾಕ್ ನಟ್ ಬಿಗಿಯುವಾಗ ರಾಡ್ ತಿರುಗದಂತೆ ಹಿಡಿದುಕೊಳ್ಳಿ, ಬಿಗಿದ ಮೇಲೆ ಮತ್ತೊಮ್ಮೆ ಕೈಯಲ್ಲಿ ನೋಡಿ. ಸೀಟು ಇನ್ನೂ ಹೊರಗಿದೆ ತಾನೇ? ಹಾಗಿದ್ದರೆ ಸುಲಭ.

ರೋಡ್‌ಸ್ಟರ್_ಪ್ರೇಮಿ

ಹೊರಗೇ ಇದೆ. ಈಗಷ್ಟೇ ಮಾಡಿ ಬಂದೆ, ಸಡಿಲ ಬಂತು, ಕ್ಲಚ್ ಈಗ ಮಧ್ಯದಲ್ಲಿ ಹಿಡಿಯುತ್ತೆ. ಇಂಜಿನ್ ಬಿಸಿಯಾಗೋವರೆಗೆ ನಿಂತಲ್ಲೇ ಓಡಿಸಿ ನೋಡಿದೆ, ಸಡಿಲ ಹಾಗೇ ಇದೆ. ಗೇರ್ ಬೆಣ್ಣೆಯಂತೆ ಬೀಳ್ತಾ ಇದೆ.

ಸಣ್ಣ_ಸ್ಪ್ಯಾನರ್

ಅಭಿನಂದನೆ! ಸೀಟು ವಾಪಸ್ ಹಾಕುವ ಮುಂಚೆ ಎರಡು ಕೆಲಸ ಮುಗಿಸಿ. ಒಂದು, ಬ್ರೇಕ್ ಲೈಟ್ ಸ್ವಿಚ್. ಅಲ್ಲಿ ಕೈ ಆಡಿಸುವಾಗ ಅದು ಸರಿದಿರಬಹುದು. ಪೆಡಲ್ ಬಿಟ್ಟಾಗ ದೀಪ ಆರಬೇಕು, ಸ್ವಲ್ಪ ಒತ್ತಿದ ಕೂಡಲೇ ಹತ್ತಬೇಕು. ಸ್ವಿಚ್ ತೀರಾ ಮುಂದೆ ಬಂದು ಪೆಡಲನ್ನು ತಳ್ಳಿಕೊಂಡಿದ್ದರೆ ಬ್ರೇಕ್ ಉಜ್ಜುತ್ತೆ. ಎರಡು, ಕಾರ್ಪೆಟ್ ಎತ್ತಿ ಅದರ ಕೆಳಗಿನ ಫೋಮ್ ಹಿಂಡಿ ನೋಡಿ. ಸೋರಿದ ಆಯಿಲ್ ಅಲ್ಲೇ ಕೂತು ನೆಲದ ಪೇಂಟ್ ತಿನ್ನುತ್ತೆ, ಆಮೇಲೆ ತುಕ್ಕು. ಫೋಮ್ ಹೊರಗೆ ತೆಗೆದು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ನೆಲದಲ್ಲಿ ಪೇಂಟ್ ಎದ್ದ ಕಡೆ ಕೆರೆದು ಪ್ರೈಮರ್ ಹಚ್ಚಿ.

ರೋಡ್‌ಸ್ಟರ್_ಪ್ರೇಮಿ

ಸ್ವಿಚ್ ಸರಿಯಾಗಿದೆ, ದೀಪ ನೋಡಿದೆ. ಫೋಮ್ ಹಿಂಡಿದರೆ ಆಯಿಲ್ ಬಂತು, ಕ್ಲಚ್ ಪೆಡಲ್‌ನ ನೇರ ಕೆಳಗೆ ಅಂಗೈಯಗಲ ಪೇಂಟ್ ಎದ್ದಿದೆ. ತುಕ್ಕು ಇನ್ನೂ ಮೇಲ್ಮೈಯಲ್ಲೇ ಇದೆ, ತೂತು ಬಿದ್ದಿಲ್ಲ. ಕೆರೆದು ಪ್ರೈಮರ್ ಹೊಡೆದಿದ್ದೀನಿ, ಫೋಮ್ ಒಣಗ್ತಾ ಇದೆ. ಅದು ಒಣಗೋವರೆಗೆ ಸೀಟು ಹಾಕಲ್ಲ. ಬಿಡಿಭಾಗಗಳ ಲೆಕ್ಕವೂ ಸರಿ ಬಂತು, ಬಿಳಿ ಬಟ್ಟೆ ಕೊಡವಿದಾಗ ಹಳೇ ಸ್ಪ್ಲಿಟ್ ಪಿನ್ ಒಂದೇ ಸಿಕ್ಕಿದ್ದು.

ಮಿಡ್_ಇಂಜಿನ್

ಸೀಟ್ ಬೋಲ್ಟ್ ಮರೆಗೆ ವೈರ್ ಬ್ರಷ್ ಹಾಕಿ ಶುಚಿ ಮಾಡಿಯೇ ಕೂರಿಸಿ. ನಾಲ್ಕನ್ನೂ ಬೆರಳಲ್ಲಿ ಹಿಡಿಸಿದ ಮೇಲೆ ಬಿಗಿಯೋಕೆ ಶುರು ಮಾಡಿ, ಮ್ಯಾನುಯಲ್‌ನಲ್ಲಿರೋ ಟಾರ್ಕ್‌ಗೆ. ರೈಲು ಎರಡೂ ಕಡೆ ಒಂದೇ ಹಲ್ಲಿನಲ್ಲಿ ಲಾಕ್ ಆಗಿದೆಯಾ ಅಂತ ಸೀಟು ಅಲುಗಾಡಿಸಿ ನೋಡಿ.

ರೋಡ್‌ಸ್ಟರ್_ಪ್ರೇಮಿ

ಹಾಗೇ ಮಾಡ್ತೀನಿ ಸರ್. ಎಲ್ಲರಿಗೂ ಮನಸಾರೆ ಧನ್ಯವಾದ. ಆ ಹಲಗೆಯ ಅಳತೆ ಬೇಕಾದವರು ಕೇಳಿ, ಎಂಎಕ್ಸ್-5ಗೆ ಸರಿಹೊಂದುವ ಹಾಗೆ ಕತ್ತರಿಸಿದ್ದೀನಿ, ನಕ್ಷೆ ಬರೆದು ಹಾಕ್ತೀನಿ.

ಬಾಕ್ಸರ್_ಆರು

ನನಗೆ ಬೇಕು, ಹಾಕಿ. ಬಾಕ್ಸ್‌ಟರ್‌ಗೆ ಎಷ್ಟು ಬದಲಿಸಬೇಕು ಅಂತ ಅಳೆದು ನಾನೂ ಹೇಳ್ತೀನಿ.